ಲತೀಫ್ ಮಾರಿದ ಗುರುತಿನ ಚೀಟಿ

(‘ಬಾರಾನ್’ ಚಿತ್ರ ಪ್ರದರ್ಶನದ ಬಳಿಕ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಚಿತ್ರ ಆರಂಭವಾಗುವುದಕ್ಕಿಂತ ಮುಂಚೆ ಬಾಗಿಲ ಬಳಿ ನಿಂತು ಓರ್ವ ಹಿರಿಯರು ನಮ್ಮಲ್ಲಿ ಒಂದು ಪ್ರಶ್ನೆ ಕೇಳಿದ್ದರು. ‘ಇದು ಪ್ರೇಮದ ಕತೆಯಂತೆ, ಹೌದೇ? ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುವಂಥದ್ದೇ?’ ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಆತಂಕವಿತ್ತು. 94 ನಿಮಿಷಗಳ ಬಳಿಕ ಈಗ ಅವರು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಾರೆ. ಅವರ ಕರವಸ್ತ್ರ ಇನ್ನೂ ಜೇಬಿಗೆ ಮರಳಿಲ್ಲ. ಆದ್ದರಿಂದ ಪ್ರಶ್ನೆಯ ಅರ್ಧಕ್ಕೆ ಉತ್ತರ ಸಿಕ್ಕಿದೆ ಎಂದು ನಾವು ಭಾವಿಸುತ್ತೇವೆ. ಉಳಿದರ್ಧದ ಬಗ್ಗೆ ಮಾತಾಡುವುದಕ್ಕಾಗಿಯೇ ಈಗ ನಿಂತಿದ್ದೇವೆ.

ಹುಡುಗ ಹುಡುಗಿಯ ಕೈಯನ್ನೂ ಮುಟ್ಟುವುದಿಲ್ಲ, ಆದ್ದರಿಂದ ಇದು ನೋಡಬಹುದಾದ ಚಿತ್ರ ಎಂದು ಪ್ರಮಾಣಪತ್ರ ಕೊಟ್ಟು ಕುಳಿತುಕೊಳ್ಳುವುದು ಸುಲಭ. ಹಾಗೆ ಮಾಡಿದರೆ ಚಿತ್ರಕ್ಕೂ ನಮಗೂ ಅವಮಾನ. ಏನಿಲ್ಲ ಎಂಬುದರಿಂದ ಒಂದು ಕೃತಿಯನ್ನು ಅಳೆಯುವ ಅಭ್ಯಾಸ ನಮ್ಮಲ್ಲಿ ಹೆಚ್ಚಾಗಿದೆ. ಏನಿದೆ ಎಂದು ನೋಡೋಣ. ಅಡಿಬರಹ ಇಂಗ್ಲಿಷಿನಲ್ಲಿದ್ದುದರಿಂದ ನಮ್ಮ ಅನೇಕ ತಾಯಂದಿರಿಗೆ ಅದನ್ನು ಓದಲು ಸಾಧ್ಯವಾಗಿಲ್ಲ. ಅವರಿಗಾಗಿ ಕತೆಯನ್ನೊಮ್ಮೆ ಹೇಳಿಯೇ ಮುಂದುವರಿಯುತ್ತೇವೆ.

ಇರಾನಿನ ನಿರ್ದೇಶಕ ಮಜೀದ್ ಮಜೀದಿಯವರ ಹೆಸರು ಇಲ್ಲಿ ಹಲವರಿಗೆ ಹೊಸತಲ್ಲ. ಅಣ್ಣ ತಂಗಿ ಇಬ್ಬರೂ ಒಂದೇ ಜೊತೆ ಶೂ ಹಂಚಿಕೊಂಡು ಶಾಲೆಗೆ ಓಡುವ ‘ಚಿಲ್ಡ್ರನ್ ಆಫ್ ಹೆವನ್’ ಅವರದೇ. 1997ರ ಆ ಚಿತ್ರ ಆಸ್ಕರ್‌ನ ವಿದೇಶಿ ಭಾಷಾ ವಿಭಾಗದಲ್ಲಿ ನಾಮನಿರ್ದೇಶನಗೊಂಡ ಮೊದಲ ಇರಾನಿ ಚಿತ್ರ. 2010ರಲ್ಲಿ ಪ್ರಿಯದರ್ಶನ್ ಅದನ್ನು ‘ಬಮ್ ಬಮ್ ಬೋಲೇ’ ಎಂದು ಹಿಂದಿಗೆ ತಂದರು. 2015ರಲ್ಲಿ ಪ್ರವಾದಿಯವರ ಬಾಲ್ಯದ ಕುರಿತ ಚಿತ್ರದಿಂದ ಇದೇ ಮಜೀದಿ ಭಾರತದಲ್ಲೂ ವಿವಾದಕ್ಕೆ ಒಳಗಾದರು. ಆ ಚರ್ಚೆ ಇಂದಿನದಲ್ಲ. ‘ಬಾರಾನ್’ 2001ರ ಚಿತ್ರ. ಅದೇ ವರ್ಷ ಕೆನಡಾದ ಮಾಂಟ್ರಿಯಲ್ ಚಲನಚಿತ್ರೋತ್ಸವದಲ್ಲಿ ಅದಕ್ಕೆ ಅತ್ಯುನ್ನತ ಪ್ರಶಸ್ತಿ ಬಂತು.

ಬಾರಾನ್ ಎಂದರೆ ಪರ್ಷಿಯನ್ ಭಾಷೆಯಲ್ಲಿ ಮಳೆ. ಉರ್ದು ಮಾತಾಡುವವರಿಗೆ ಇದನ್ನು ಹೇಳಬೇಕಾಗಿಲ್ಲ.

ತೆಹ್ರಾನಿನ ಚಳಿಗಾಲ. ಅರ್ಧ ಕಟ್ಟಿದ ಒಂದು ಬಹುಮಹಡಿ ಕಟ್ಟಡ. ಮೇಸ್ತ್ರಿಯ ಹೆಸರು ಮೇಮಾರ್, ಹೆಸರೂ ಅದೇ, ಕಸುಬೂ ಅದೇ. ಅಲ್ಲಿ ಹದಿನೇಳರ ಹರೆಯದ ಲತೀಫ್ ಎಂಬ ಹುಡುಗನಿದ್ದಾನೆ. ಅಜೆರಿ ತುರ್ಕಿ ಮಾತಾಡುವ ಕುಟುಂಬದವನು, ದುಡಿಯಲು ರಾಜಧಾನಿಗೆ ಬಂದವನು. ಕೂಲಿಯವರಿಗೆ ಚಹಾ ಮಾಡುವುದು, ಅಡುಗೆ ಮಾಡುವುದು, ಪೇಟೆಯಿಂದ ಸಾಮಾನು ತರುವುದು ಅವನ ಕೆಲಸ. ಮೈಗಳ್ಳ, ಬಾಯಿಬಡುಕ, ಕಂಡ ಕಂಡವರೊಡನೆ ಜಗಳಕ್ಕೆ ನಿಲ್ಲುವವನು. ಅವನ ಸಂಬಳವನ್ನು ಮೇಮಾರ್ ತನ್ನಲ್ಲೇ ಇಟ್ಟುಕೊಂಡು ಅಷ್ಟಿಷ್ಟು ಚಿಲ್ಲರೆ ಕೊಡುತ್ತಾನೆ. ಅಲ್ಲಿ ದುಡಿಯುವವರಲ್ಲಿ ಅನೇಕರು ಅಫ್ಘಾನಿಗಳು. ಪರವಾನಗಿಯಿಲ್ಲದ ಅಫ್ಘಾನಿಯನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ. ಆದರೆ ಅವರು ಕಡಿಮೆ ಕೂಲಿಗೆ ದುಡಿಯುತ್ತಾರೆ, ದೂರು ಕೊಡುವುದಿಲ್ಲ. ತಪಾಸಣೆಯ ಅಧಿಕಾರಿಗಳು ಬಂದಾಗ ಮಾತ್ರ ಮೂಲೆ ಮೂಲೆಗಳಲ್ಲಿ ಅಡಗಿಕೊಳ್ಳುತ್ತಾರೆ.

ಅವರು ಎಲ್ಲಿಂದ ಬಂದವರು? 1979ರಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿತು. 1989ರಲ್ಲಿ ಅದು ಹಿಂದೆ ಸರಿದಾಗ ದೇಶದಲ್ಲಿ ಉಳಿದದ್ದು ಬಂದೂಕುಗಳು ಮತ್ತು ಬಂದೂಕು ಹಿಡಿದ ಗುಂಪುಗಳು. ಅನಂತರ ಅಂತರ್ಯುದ್ಧ, 1996ರಲ್ಲಿ ಕಾಬೂಲಿನಲ್ಲಿ ತಾಲಿಬಾನ್, ಅದರ ಬೆನ್ನಿಗೆ ವರ್ಷಗಟ್ಟಲೆ ಬರ. ಚಿತ್ರ ತಯಾರಾಗುವ ವೇಳೆಗೆ ಇರಾನಿನಲ್ಲಿ ಸುಮಾರು 15 ಲಕ್ಷ ಅಫ್ಘಾನಿಗಳಿದ್ದರು ಎಂಬುದು ವಿಶ್ವಸಂಸ್ಥೆಯ ಅಂದಾಜು. ಅವರ ಮಕ್ಕಳಲ್ಲಿ ಹೆಚ್ಚಿನವರು ಇರಾನಿನಲ್ಲೇ ಹುಟ್ಟಿದವರು, ತಮ್ಮದೆಂದು ಹೇಳಲಾಗುವ ದೇಶವನ್ನು ಕಣ್ಣಲ್ಲೂ ಕಾಣದವರು.

ಈ ಕೂಲಿಗಳಲ್ಲೊಬ್ಬನಾದ ನಜಫ್ ಕಟ್ಟಡದಿಂದ ಬಿದ್ದು ಕಾಲು ಮುರಿದುಕೊಳ್ಳುತ್ತಾನೆ. ಪರಿಹಾರವಿಲ್ಲ, ವಿಮೆಯಿಲ್ಲ. ಮರುದಿನ ಅವನ ಗೆಳೆಯ ಸುಲ್ತಾನ್ ಒಬ್ಬ ಬಡಕಲು ಹುಡುಗನನ್ನು ಕರೆತಂದು, ‘ಇವನು ನಜಫನ ಮಗ ರಹ್ಮತ್, ತಂದೆಯ ಬದಲು ದುಡಿಯುತ್ತಾನೆ’ ಎನ್ನುತ್ತಾನೆ. ಹುಡುಗ ಬಾಯಿ ಬಿಡುವುದಿಲ್ಲ. ಚೀಲ ಹೊರಲೂ ಆಗುವುದಿಲ್ಲ. ಮೇಮಾರ್ ಗದರಿ, ಮರುಗಿ, ಕೊನೆಗೆ ಅವನನ್ನು ಅಡುಗೆಮನೆಗೆ ಹಾಕುತ್ತಾನೆ. ಲತೀಫನನ್ನು ಗಾರೆ ಹೊರುವುದಕ್ಕೆ ಕಳುಹಿಸುತ್ತಾನೆ.

ಲತೀಫನಿಗೆ ಉರಿಯುತ್ತದೆ. ತನ್ನ ಸುಖದ ಕೆಲಸವನ್ನು ಪರದೇಶಿಯೊಬ್ಬ ಕಸಿದುಕೊಂಡ ಎಂಬ ಸಿಟ್ಟು. ಪಾತ್ರೆಗಳನ್ನು ಒಡೆಯುತ್ತಾನೆ, ಹುಡುಗನಿಗೆ ಹೊಡೆಯುತ್ತಾನೆ. ಸ್ವಲ್ಪ ನಿಂತು ಯೋಚಿಸಿ. ಸಂಬಳ ಹಿಡಿದಿಟ್ಟವನು ಮೇಮಾರ್, ಕೆಲಸ ಬದಲಿಸಿದವನು ಮೇಮಾರ್, ಅಫ್ಘಾನಿಗಳನ್ನು ಅಗ್ಗದ ಕೂಲಿಗೆ ದುಡಿಸುವವನೂ ಅವನೇ. ಆದರೂ ಏಟು ಬಿದ್ದದ್ದು ಎಲ್ಲರಿಗಿಂತ ಬಡಕಲಾದವನ ಕೆನ್ನೆಗೆ. ಬಡವನ ಸಿಟ್ಟು ಮೇಲಕ್ಕೆ ಏರುವುದು ಅಪರೂಪ, ಅದು ತನಗಿಂತ ಕೆಳಗಿನವನ ಮೇಲೆ ಇಳಿಯುತ್ತದೆ. ನಮ್ಮ ಕರಾವಳಿಯ ಪಟ್ಟಣಗಳಲ್ಲಿ ಕಟ್ಟಡ ಕಟ್ಟುವ ಉತ್ತರ ಕರ್ನಾಟಕದವರನ್ನು, ಒಡಿಶಾ, ಬಿಹಾರದವರನ್ನು ಕುರಿತು ಚಹಾದಂಗಡಿಯಲ್ಲಿ ನಡೆಯುವ ಮಾತುಗಳನ್ನು ಕೇಳಿದವರಿಗೆ ಇದು ಇರಾನಿನ ಕತೆ ಮಾತ್ರ ಎಂದು ಅನಿಸಲಾರದು.

ಅಷ್ಟರಲ್ಲಿ ಅಡುಗೆಮನೆ ಬದಲಾಗುತ್ತದೆ. ಕೊಳೆ ಹೋಗುತ್ತದೆ, ಪರದೆ ಬರುತ್ತದೆ, ಚಹಾಕ್ಕೆ ರುಚಿ ಬರುತ್ತದೆ. ಉಳಿದ ರೊಟ್ಟಿಯ ಚೂರುಗಳು ಪಾರಿವಾಳಗಳ ಪಾಲಾಗುತ್ತವೆ. ಕೂಲಿಯವರು ಸಂತೋಷಪಡುತ್ತಾರೆ. ಒಂದು ದಿನ ಲತೀಫ್ ಮತ್ತಾವುದೋ ಕಿತಾಪತಿಗಾಗಿ ಅತ್ತ ಹೋದಾಗ ಪರದೆಯಾಚೆ ರಹ್ಮತ್ ತಲೆ ಬಾಚಿಕೊಳ್ಳುವುದು ಕಾಣುತ್ತದೆ. ಅದು ಉದ್ದನೆಯ ಕೂದಲು. ರಹ್ಮತ್ ಹುಡುಗನಲ್ಲ.

ಇಡೀ ಚಿತ್ರದ ತಿರುವು ಇದು. ಇಲ್ಲಿ ಏನು ನಡೆಯಲಿಲ್ಲ ಎಂಬುದನ್ನು ಗಮನಿಸಬೇಕು. ಲತೀಫನ ಕೈಗೆ ಒಂದು ಗುಟ್ಟು ಸಿಕ್ಕಿತು. ಅವನ ಶತ್ರುವನ್ನು ಒಂದೇ ಮಾತಿನಲ್ಲಿ ಹೊರಹಾಕಿಸಬಲ್ಲ ಗುಟ್ಟು. ಮೇಮಾರನ ಕಿವಿಯಲ್ಲಿ ಹೇಳಿದ್ದರೆ ಸಾಕಿತ್ತು, ಅವನ ಹಳೆಯ ಕೆಲಸ ಸಂಜೆಯೊಳಗೆ ಮರಳುತ್ತಿತ್ತು. ಇನ್ನೂ ಕೆಟ್ಟದ್ದನ್ನೂ ಅವನು ಮಾಡಬಹುದಿತ್ತು. ಒಂಟಿ ಹುಡುಗಿ, ಕಾನೂನಿನ ರಕ್ಷಣೆಯಿಲ್ಲದವಳು, ಬಾಯಿ ಬಿಡಲಾಗದವಳು. ಅವನು ಯಾರಿಗೂ ಹೇಳಲಿಲ್ಲ. ಆಕೆಗೂ, ‘ನನಗೆ ಗೊತ್ತು’ ಎನ್ನಲಿಲ್ಲ. ಅವನ ಪ್ರೀತಿಯ ಮೊದಲ ಕೃತ್ಯ ಬಾಯಿ ಮುಚ್ಚಿಕೊಂಡದ್ದು.

ನಮ್ಮ ಪಟ್ಟಣಗಳಲ್ಲಿ ಓರ್ವ ಹುಡುಗಿಯ ಗುಟ್ಟು ಓರ್ವ ಹುಡುಗನ ಕೈಗೆ ಸಿಕ್ಕಿದರೆ ಎಷ್ಟು ಹೊತ್ತು ಅದು ಗುಟ್ಟಾಗಿ ಉಳಿಯುತ್ತದೆ? ಹಿಂದೆ ಅದಕ್ಕೆ ಒಂದು ವಾರ ಬೇಕಾಗುತ್ತಿತ್ತು, ಈಗ ಒಂದು ಗಳಿಗೆ ಸಾಕು. ಜೇಬಿನಲ್ಲಿ ಫೋನ್ ಇದೆ, ಫೋನಿನಲ್ಲಿ ಗುಂಪುಗಳಿವೆ. ಹಂಚುವವರು ಪೋಕರಿಗಳು ಮಾತ್ರ ಎಂದೇನೂ ಇಲ್ಲ. ಸಮುದಾಯದ ಮಾನ ಕಾಪಾಡುತ್ತೇವೆ ಎಂದು ಹೇಳಿಕೊಂಡೇ ಹಂಚುವವರಿದ್ದಾರೆ. ಇಲ್ಲಿರುವ ಹುಡುಗರು ಈ ಚಿತ್ರದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಆ ಪರದೆಯನ್ನು ನೆನಪಿಟ್ಟುಕೊಳ್ಳಲಿ.

ಬಳಿಕ ಲತೀಫ್ ತಲೆ ಬಾಚಿ, ಬಟ್ಟೆ ನೀಟಾಗಿ ತೊಟ್ಟು ಓಡಾಡಲಾರಂಭಿಸಿದಾಗ ಸಭಾಂಗಣದ ಹಿಂಬದಿಯಲ್ಲಿ ನಗು ಕೇಳಿಸಿತು. ನಗಬೇಕಾದದ್ದೇ. ಹದಿನೇಳರ ಹರೆಯದಲ್ಲಿ ಕನ್ನಡಿಯ ಮುಂದೆ ನಿಂತವರೇ ಅಲ್ಲವೇ ನಾವೆಲ್ಲ?

ಒಂದು ದಿನ ಅಧಿಕಾರಿಗಳ ಕಣ್ಣಿಗೆ ಆಕೆ ಬೀಳುತ್ತಾಳೆ. ಓಡುತ್ತಾಳೆ. ಅವರು ಬೆನ್ನಟ್ಟುತ್ತಾರೆ. ಲತೀಫ್ ಅಡ್ಡ ಬಂದು ಅವರೊಡನೆ ಗುದ್ದಾಡುತ್ತಾನೆ, ಠಾಣೆ ಸೇರುತ್ತಾನೆ. ಹುಡುಗಿ ತಪ್ಪಿಸಿಕೊಳ್ಳುತ್ತಾಳೆ. ಆದರೆ ಮೇಮಾರ್ ದಂಡ ತೆರಬೇಕಾಗುತ್ತದೆ. ಅಫ್ಘಾನಿಗಳೆಲ್ಲರೂ ಕೆಲಸ ಕಳೆದುಕೊಳ್ಳುತ್ತಾರೆ. ಹಿಂದಿ ಚಿತ್ರದಲ್ಲಾಗಿದ್ದರೆ ಈ ಹೊಡೆದಾಟದಿಂದ ನಾಯಕ ಗೆದ್ದುಬಿಡುತ್ತಿದ್ದ. ಇಲ್ಲಿ ಗೆದ್ದದ್ದು ಕೆಲವು ನಿಮಿಷಗಳ ಓಟ, ಕಳೆದದ್ದು ಅನೇಕರ ಅನ್ನ.

ಆಕೆಯನ್ನು ಹುಡುಕಿಕೊಂಡು ಲತೀಫ್ ನಗರದ ಹೊರವಲಯದ ಅಫ್ಘಾನಿಗಳ ವಸತಿಗೆ ಹೋಗುತ್ತಾನೆ. ಕೊನೆಗೆ ಆಕೆಯನ್ನು ಕಾಣುವುದು ಹೊಳೆಯಲ್ಲಿ. ಕೊರೆಯುವ ಚಳಿ, ರಭಸದ ನೀರು. ಆ ನೀರಿನಿಂದ ಕಲ್ಲುಗಳನ್ನೆತ್ತಿ ದಡಕ್ಕೆ ಹೊರುವ ಹೆಂಗಸರ ಗುಂಪಿನಲ್ಲಿ ಆಕೆಯೂ ಇದ್ದಾಳೆ. ಕಟ್ಟಡದಲ್ಲಿ ಚೀಲ ಹೊರಲಾಗದಿದ್ದ ಹುಡುಗಿ ಇಲ್ಲಿ ಕಲ್ಲು ಹೊರುತ್ತಿದ್ದಾಳೆ. ಲತೀಫ್ ದೂರ ನಿಂತು ಅಳುತ್ತಾನೆ.

ಅವನ ಬಳಿ ಇರುವುದೇನು? ಮೇಮಾರನಲ್ಲಿ ಜಮೆಯಾದ ಸಂಬಳ. ತಂಗಿಗೆ ಕಾಯಿಲೆಯೆಂದು ಸುಳ್ಳು ಹೇಳಿ ಅಷ್ಟನ್ನೂ ಕೇಳಿ ಪಡೆಯುತ್ತಾನೆ. ಸುಳ್ಳು ಸುಳ್ಳೇ, ಅದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಪ್ರೇಮದ ಕತೆಗಳಲ್ಲಿ ಹುಡುಗರು ಹೇಳುವ ಸುಳ್ಳುಗಳೆಲ್ಲ ತಾವು ಪಡೆಯುವುದಕ್ಕಾಗಿ ಇರುತ್ತವೆ, ಇದು ಕೊಡುವುದಕ್ಕಾಗಿ ಹೇಳಿದ ಸುಳ್ಳು. ಹಣವನ್ನು ತಾನೇ ಹೋಗಿ ಕೊಡುವುದಿಲ್ಲ. ಸುಲ್ತಾನನ ಕೈಗಿತ್ತು, ನಜಫನಿಗೆ ತಲುಪಿಸೆಂದು ಬೇಡಿಕೊಳ್ಳುತ್ತಾನೆ.

ಮರುದಿನ ಸುಲ್ತಾನ್ ಬರುವುದಿಲ್ಲ. ನೋಡುವ ನಮಗೆ ಕೂಡಲೇ ಸಂಶಯ. ಹಣದೊಂದಿಗೆ ಪರಾರಿಯಾದ! ಆಗ ಇಲ್ಲಿ ಕುಳಿತವರಲ್ಲೊಬ್ಬರು ‘ಅಫ್ಘಾನಿಯನ್ನು ನಂಬಬಾರದಿತ್ತು’ ಎಂದು ಗೊಣಗಿದ್ದು ನಮಗೂ ಕೇಳಿಸಿತು. ಐದು ನಿಮಿಷಗಳಲ್ಲಿ ನಿಜ ತಿಳಿಯಿತು. ಸುಲ್ತಾನ್ ಹಣವನ್ನು ನಜಫನ ಮುಂದಿಟ್ಟಿದ್ದ. ನಜಫ್ ಅದನ್ನು ಮುಟ್ಟಲಿಲ್ಲ. ‘ನಿನಗೆ ನನಗಿಂತ ಹೆಚ್ಚು ಅಗತ್ಯವಿದೆ, ಇದರಿಂದ ಊರಿಗೆ ಹೋಗು’ ಎಂಬುದು ಅವನ ನಿಲುವಾಗಿತ್ತು. ಕಾಲು ಮುರಿದವನು, ಮಗಳನ್ನು ಹೊಳೆಗೆ ಕಳುಹಿಸಿದವನು, ತನಗಿಂತ ಹೆಚ್ಚು ಅಗತ್ಯವಿರುವವನನ್ನು ಗುರುತಿಸುತ್ತಾನೆ. ಲತೀಫನ ದುಡಿಮೆಯೆಲ್ಲ ಹೀಗೆ ಕೈ ತಪ್ಪಿತು. ಅದನ್ನು ಕೊಂಡೊಯ್ದದ್ದು ಕಳ್ಳತನವಲ್ಲ, ಇನ್ನೊಬ್ಬ ಬಡವನ ಔದಾರ್ಯ.

ನಮ್ಮ ದೃಷ್ಟಿಯಲ್ಲಿ ಚಿತ್ರದ ಹೃದಯ ಇರುವುದು ಇಲ್ಲಿ, ಪ್ರೇಮದ ದೃಶ್ಯಗಳಲ್ಲಲ್ಲ. ಬಡವರನ್ನು ಕುರಿತ ಹೆಚ್ಚಿನ ಚಿತ್ರಗಳಲ್ಲಿ ಬಡವರು ಪಡೆಯುವವರು ಮಾತ್ರ. ಶ್ರೀಮಂತನೊಬ್ಬ ಬಂದು ಕೊಡುತ್ತಾನೆ, ಅವರು ಕೈ ಮುಗಿಯುತ್ತಾರೆ. ಸಮುದಾಯದ ಎಷ್ಟೋ ಕಾರ್ಯಕ್ರಮಗಳೂ ಹಾಗೆಯೇ. ರಂಝಾನಿನ ಕಿಟ್ ವಿತರಣೆಯ ಫೋಟೋಗಳನ್ನು ನೋಡಿ. ಅಕ್ಕಿಯ ಚೀಲ ಒಂದು, ಹಿಡಿದ ಕೈಗಳು ಆರು, ನಡುವೆ ಮುಖ ತಗ್ಗಿಸಿದ ಓರ್ವ ವಿಧವೆ. ಬಲಗೈ ಎಡಗೈಗಳ ಉಪದೇಶವನ್ನು ಎಳವೆಯಿಂದಲೇ ಕೇಳುತ್ತ ಬಂದವರು ನಾವು. ಕ್ಯಾಮರಾ ಮೂರನೆಯ ಕೈಯೆಂದು ಬಗೆದು ಅದಕ್ಕೆ ವಿನಾಯಿತಿ ಕೊಟ್ಟಿದ್ದೇವೆಯೋ ಏನೋ! ಲತೀಫ್ ಕೊಟ್ಟದ್ದು ನಜಫನಿಗೂ ತಿಳಿಯುವುದಿಲ್ಲ. ಆ ಮುದುಕನ ಮುಖದಲ್ಲಿ ಒಮ್ಮೆಯೂ ಯಾಚಕನ ನೋಟ ಬರುವಂತೆ ನಿರ್ದೇಶಕರು ಮಾಡಲಿಲ್ಲ.

ಇನ್ನು ಗುರುತಿನ ಚೀಟಿ. ಊರಿನಿಂದ ಸಾವಿನ ಸುದ್ದಿ ಬರುತ್ತದೆ, ನಜಫನ ಸಂಕಟ ಹೆಚ್ಚುತ್ತದೆ. ಲತೀಫನ ಬಳಿ ಹಣವಿಲ್ಲ. ಮಾರಬಹುದಾದ ವಸ್ತು ಒಂದೇ, ತನ್ನ ಗುರುತಿನ ಪತ್ರ. ಕಾಗದವಿಲ್ಲದ ಲಕ್ಷಾಂತರ ಜನರಿರುವ ದೇಶದಲ್ಲಿ ಅಂಥ ಪತ್ರಕ್ಕೆ ಕಳ್ಳಸಂತೆಯಲ್ಲಿ ಬೆಲೆಯಿದೆ. ಅವನು ಅದನ್ನು ಮಾರುತ್ತಾನೆ. ಹಣವನ್ನು ನಜಫನಿಗೆ ಕೊಟ್ಟು, ‘ಇದು ಮೇಮಾರ್ ಕಳುಹಿಸಿದ್ದು’ ಎನ್ನುತ್ತಾನೆ. ಈ ಬಾರಿಯೂ ಹೆಸರು ತನ್ನದಲ್ಲ.

ಹಿಂದೆ ಈ ದೃಶ್ಯವನ್ನು ನೋಡಿದಾಗ ನಾವು ಅದನ್ನು ತ್ಯಾಗವೆಂದಷ್ಟೇ ತಿಳಿದಿದ್ದೆವು. ಈಗ ಹಾಗೆ ನೋಡಲಾಗುವುದಿಲ್ಲ. 2019ರ ಆಗಸ್ಟ್ 31ರಂದು ಅಸ್ಸಾಮಿನ ಪೌರತ್ವ ಪಟ್ಟಿ ಪ್ರಕಟವಾದಾಗ 19 ಲಕ್ಷಕ್ಕೂ ಹೆಚ್ಚು ಜನರು ಅದರಿಂದ ಹೊರಗುಳಿದರು. ಅವರಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ಆ ಚಳಿಗಾಲದಲ್ಲಿ ನಮ್ಮ ಮನೆಗಳಲ್ಲೂ ಹಳೆಯ ಟ್ರಂಕುಗಳು ತೆರೆದವು. ಅಜ್ಜನ ಶಾಲಾ ಪ್ರಮಾಣಪತ್ರ, ಅಜ್ಜಿಯ ಮತದಾರರ ಪಟ್ಟಿ, ಒಂದು ಕಡೆ ‘ಮೊಹಮ್ಮದ್’, ಇನ್ನೊಂದು ಕಡೆ ‘ಮಹಮ್ಮದ್’ ಎಂದು ಬಿದ್ದ ಅಕ್ಷರಗಳು. ಒಂದು ಕಾಗದದ ತುಂಡಿಗೆ ಮನುಷ್ಯನಿಗಿಂತ ಹೆಚ್ಚು ತೂಕ ಬರುವುದು ಎಂದರೇನೆಂದು ನಮಗೆ ಆಗ ಅರ್ಥವಾಯಿತು. ಆದ್ದರಿಂದ ಲತೀಫ್ ಆ ಪತ್ರವನ್ನು ಕೈಯಿಂದ ಕೊಟ್ಟುಬಿಡುವಾಗ ಈ ಸಭಾಂಗಣದಲ್ಲಿ ಉಸಿರು ನಿಂತದ್ದು ಸಹಜ. ಆ ಕ್ಷಣದಿಂದ ಅವನ ಸ್ಥಿತಿಯೂ ಆಕೆಯಂತೆಯೇ. ತನ್ನದೇ ದೇಶದಲ್ಲಿ ತಾನಾರೆಂದು ತೋರಿಸಲಾಗದವನು. ಪ್ರೀತಿಸಿದವಳನ್ನು ತನ್ನ ಕಡೆಗೆ ಎಳೆದುಕೊಳ್ಳುವ ಬದಲು ತಾನೇ ಆಕೆ ನಿಂತ ಕಡೆಗೆ ದಾಟಿ ಹೋದ.

ಅದರ ಫಲ? ಹಣ ಸಿಕ್ಕಿದ ಸಂತೋಷದಲ್ಲಿ ನಜಫ್ ಹೇಳುತ್ತಾನೆ, ಇನ್ನು ನಾವೆಲ್ಲ ಅಫ್ಘಾನಿಸ್ತಾನಕ್ಕೆ ಹೊರಡುತ್ತೇವೆ. ಅವನ ಕೊಡುಗೆಯೇ ಆಕೆಯನ್ನು ಅವನಿಂದ ಕೊಂಡೊಯ್ಯುತ್ತದೆ. ಲತೀಫ್ ಏನೂ ಹೇಳುವುದಿಲ್ಲ. ಸಾಮಾನುಗಳನ್ನು ಲಾರಿಗೇರಿಸಲು ಬಂದು ನಿಲ್ಲುತ್ತಾನೆ. ಆಕೆಯ ಕೈಯಿಂದ ತರಕಾರಿಯ ಬುಟ್ಟಿ ಜಾರುತ್ತದೆ. ಇಬ್ಬರೂ ಕುಳಿತು ಹೆಕ್ಕುತ್ತಾರೆ. ಆಕೆ ಮೊದಲ ಬಾರಿಗೆ ಅವನನ್ನು ನೇರವಾಗಿ ನೋಡುತ್ತಾಳೆ, ಮೆಲ್ಲನೆ ನಗುತ್ತಾಳೆ, ಬಳಿಕ ಬುರ್ಖಾವನ್ನು ಮುಖದ ಮೇಲೆ ಇಳಿಸಿಕೊಳ್ಳುತ್ತಾಳೆ. ಕೆಸರಿನಲ್ಲಿ ಅವಳ ಪಾದರಕ್ಷೆ ಹೂತುಹೋಗುತ್ತದೆ. ಅವನು ಬಗ್ಗಿ ಅದನ್ನೆತ್ತಿ ಅವಳ ಕಾಲ ಬಳಿ ಇಡುತ್ತಾನೆ. ಲಾರಿ ಹೊರಡುತ್ತದೆ. ಕೆಸರಿನಲ್ಲಿ ಉಳಿದ ಹೆಜ್ಜೆಗುರುತಿನೊಳಗೆ ಮಳೆ ತುಂಬುತ್ತದೆ. ಆಕೆಯ ನಿಜ ಹೆಸರು ಬಾರಾನ್ ಎಂದು ನಮಗೆ ತಿಳಿದು ಹೆಚ್ಚು ಹೊತ್ತಾಗಿರುವುದಿಲ್ಲ. ಉರ್ದುವಿನಲ್ಲಿ ‘ಬಾರಾನ್-ಎ-ರಹ್ಮತ್’ ಎಂದರೆ ಕರುಣೆಯ ಮಳೆ. ರಹ್ಮತ್ ಆಗಿ ಬಂದವಳು ಬಾರಾನ್ ಆಗಿ ಹೋದಳು. ಇಲ್ಲಿರುವ ಓರ್ವ ತಾಯಿ ಇದನ್ನು ನಮ್ಮ ಗಮನಕ್ಕೆ ತಂದರು. ನಾವು ಇದನ್ನು ಯೋಚಿಸಿಯೇ ಇರಲಿಲ್ಲ.

ಲತೀಫ್ ಕೊನೆಗೆ ನಗುತ್ತಾನೆ. ಎಲ್ಲವನ್ನೂ ಕಳೆದುಕೊಂಡವನ ಈ ನಗುವನ್ನು ಕಂಡು ನಮ್ಮ ಮನಸ್ಸು ಕುಗ್ಗುವ ಬದಲು ಹಗುರವಾಗುತ್ತದಲ್ಲ, ಏಕೆ? ಮೊದಲ ದೃಶ್ಯದ ಲತೀಫನನ್ನು ನೆನೆಯಿರಿ. ಆ ಪೋಕರಿ ಒಂದೇ ಚಳಿಗಾಲದಲ್ಲಿ ಮನುಷ್ಯನಾಗಿದ್ದಾನೆ. ಅದನ್ನು ಯಾರೂ ಅವನಿಂದ ಕಸಿಯಲಾರರು.

ನಮ್ಮ ಮನೆಗಳಲ್ಲಿ ಹರೆಯದ ಪ್ರೀತಿಗೆ ಎರಡೇ ಅರ್ಥಗಳಿವೆ. ಒಂದೋ ಅದು ಟಿ.ವಿ.ಯ ಹಾಡು, ಇಲ್ಲವೇ ಪೊಲೀಸ್ ಠಾಣೆ. ಹಾಡನ್ನು ಮಕ್ಕಳೊಂದಿಗೆ ಕುಳಿತು ನೋಡುತ್ತೇವೆ, ಠಾಣೆಯ ಸುದ್ದಿ ಬಂದಾಗ ಎದೆ ಬಡಿದುಕೊಳ್ಳುತ್ತೇವೆ. ನಡುವೆ ಒಬ್ಬ ಹುಡುಗನಿದ್ದಾನೆ. ಅವನ ಮನಸ್ಸಿನಲ್ಲಿ ಏನೋ ಮೊಳೆತಿದೆ. ಅದನ್ನು ಏನು ಮಾಡಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ತಂದೆ ಗಲ್ಫ್‌ನಲ್ಲಿ, ತಾಯಿಗೆ ಹೆದರಿಕೆ, ಉಸ್ತಾದರಲ್ಲಿ ಕೇಳಲು ಸಂಕೋಚ. ಅವನಿಗೆ ಪಾಠ ಹೇಳುವವರು ಯಾರು? ಹುಡುಗಿಯ ಹಿಂದೆ ಬಿದ್ದು, ಒಲ್ಲೆನೆಂದರೂ ಬಿಡದೆ ಕಾಡಿ, ಕೊನೆಗೆ ಗೆಲ್ಲುವ ಸಿನಿಮಾ ನಾಯಕ. ಬಾಗಿಲಲ್ಲಿ ಪ್ರಶ್ನೆ ಕೇಳಿದ ಹಿರಿಯರೇ, ನಿಮ್ಮ ಪ್ರಶ್ನೆಯ ಉಳಿದರ್ಧಕ್ಕೆ ನಮ್ಮ ಉತ್ತರ ಇಷ್ಟೇ. ಆ ನಾಯಕನನ್ನು ನಮ್ಮ ಹುಡುಗರು ಈಗಾಗಲೇ ನೂರು ಸಲ ನೋಡಿದ್ದಾರೆ. ಲತೀಫನನ್ನು ಒಂದು ಸಲವಾದರೂ ನೋಡಲಿ.

ಚಿತ್ರದಲ್ಲಿ ದೋಷವಿಲ್ಲವೆಂದು ನಾವು ಹೇಳುವುದಿಲ್ಲ. ಇಡೀ ಚಿತ್ರದಲ್ಲಿ ಬಾರಾನ್ ಒಂದು ಮಾತೂ ಆಡುವುದಿಲ್ಲ. ಹುಡುಗನ ವೇಷದಲ್ಲಿರುವಾಗ ದನಿ ಬಿಟ್ಟರೆ ಗುಟ್ಟು ಬಯಲಾಗುತ್ತದೆ, ಅದು ಸರಿ. ಆದರೆ ಮನೆಯಲ್ಲಿ? ಹೊಳೆಯ ದಡದಲ್ಲಿ? ಆಕೆಗೆ ಅಫ್ಘಾನಿಸ್ತಾನಕ್ಕೆ ಹೋಗುವ ಇಷ್ಟವಿತ್ತೇ? ಆಕೆಯಲ್ಲಿ ಯಾರೂ ಕೇಳುವುದಿಲ್ಲ, ನಿರ್ದೇಶಕರೂ ಕೇಳುವುದಿಲ್ಲ. ಪ್ರದರ್ಶನದ ಬಳಿಕ ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳು ಮೊದಲು ಎತ್ತಿದ ಆಕ್ಷೇಪವೇ ಇದು, ಅದನ್ನು ನಾವು ಒಪ್ಪುತ್ತೇವೆ. ದುಡಿದು ಮನೆಯನ್ನು ಹೊತ್ತವಳು ಆಕೆ. ಆದರೂ ಕತೆ ಅವನದಾಯಿತು. ಇನ್ನೊಂದು ಮಾತು. ಬಡತನವನ್ನು ಮಜೀದಿ ಬಹಳ ಸುಂದರವಾಗಿ ಚಿತ್ರಿಸುತ್ತಾರೆ, ಕೆಲವೊಮ್ಮೆ ಅತಿಯಾಗಿ ಸುಂದರವಾಗಿ. ಕಾಲು ಮುರಿದ ಕೂಲಿಗೆ ಪರಿಹಾರ ಕೊಡದ ವ್ಯವಸ್ಥೆಯ ಮೇಲೆ ನಮಗೆ ಸಿಟ್ಟೇ ಬಾರದಂತೆ ಮೇಮಾರನನ್ನು ಒಳ್ಳೆಯವನನ್ನಾಗಿ ಮಾಡಿಬಿಡುತ್ತಾರೆ. ಆ ಪಾತ್ರ ಮಾಡಿದ ಮೊಹಮ್ಮದ್ ಅಮೀರ್ ನಾಜಿಯವರ ಅಭಿನಯವೇ ಅಂಥದ್ದು. ಅವರಿಗೆ 2008ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂದದ್ದು ಮಜೀದಿಯವರದೇ ಇನ್ನೊಂದು ಚಿತ್ರಕ್ಕೆ.

ಆ ಲಾರಿ ಎಲ್ಲಿಗೆ ಹೋಯಿತು? ಚಿತ್ರ ತೆರೆಗೆ ಬಂದ ವರ್ಷದ ಕೊನೆಗೆ ಅಮೆರಿಕದ ದಾಳಿಯಿಂದ ತಾಲಿಬಾನ್ ಆಡಳಿತ ಉರುಳಿತು. ಇಪ್ಪತ್ತು ವರ್ಷಗಳ ಯುದ್ಧದ ಬಳಿಕ 2021ರ ಆಗಸ್ಟ್‌ನಲ್ಲಿ ಅದೇ ತಾಲಿಬಾನ್ ಮರಳಿ ಬಂತು. ಬಾರಾನಳಂಥ ಹುಡುಗಿಗೆ ಈಗ ನಲ್ವತ್ತರ ಆಸುಪಾಸಿನ ವಯಸ್ಸಾಗಿರಬಹುದು. ಆಕೆಗೆ ಮಗಳಿದ್ದರೆ ಆರನೆಯ ತರಗತಿಯ ಮೇಲೆ ಆ ಮಗಳಿಗೆ ಶಾಲೆಯಿಲ್ಲ. 2022ರ ಡಿಸೆಂಬರಿನಿಂದ ವಿಶ್ವವಿದ್ಯಾನಿಲಯದ ಬಾಗಿಲೂ ಮುಚ್ಚಿದೆ. ವಿದ್ಯೆಯನ್ನು ಕಡ್ಡಾಯವೆಂದ ಧರ್ಮದ ಹೆಸರಿನಲ್ಲೇ ಇದು ನಡೆಯುತ್ತಿದೆ ಎಂಬುದು ನಾವು ತಲೆ ತಗ್ಗಿಸಬೇಕಾದ ಸಂಗತಿ.

ಗಡಿಯ ಈಚೆ ಏನಾಯಿತು? ಇರಾನಿನ ಬಗ್ಗೆ ನ್ಯಾಯವಾಗಿ ಮಾತಾಡಬೇಕು. ನಾಲ್ಕು ದಶಕಗಳ ಕಾಲ ಲಕ್ಷಾಂತರ ಅಫ್ಘಾನಿಗಳಿಗೆ ಅದು ನೆಲೆ ಕೊಟ್ಟಿತು. ಕಾಗದವಿಲ್ಲದ ಅಫ್ಘಾನಿ ಮಕ್ಕಳನ್ನೂ ಶಾಲೆಗೆ ಸೇರಿಸಬೇಕೆಂದು 2015ರಲ್ಲಿ ಅಲ್ಲಿನ ಪರಮೋಚ್ಚ ನಾಯಕ ಖಾಮಿನೈ ಆದೇಶಿಸಿದರು. ಶ್ರೀಮಂತ ದೇಶಗಳೆಷ್ಟೋ ಇದನ್ನು ಮಾಡಿಲ್ಲ. ಆದರೆ 2025ರಲ್ಲಿ ಅದೇ ಇರಾನ್, ದಾಖಲೆಯಿಲ್ಲದ ಅಫ್ಘಾನಿಗಳು ಜುಲೈ 6ರೊಳಗೆ ದೇಶ ಬಿಡಬೇಕೆಂದು ಗಡುವು ವಿಧಿಸಿತು. ಆ ಜೂನ್‌ನಲ್ಲಿ ಇಸ್ರೇಲಿನೊಂದಿಗೆ ನಡೆದ ಯುದ್ಧದ ಬಳಿಕ ಅಫ್ಘಾನಿಗಳ ಮೇಲಿನ ಸಂಶಯ ಇನ್ನಷ್ಟು ಬೆಳೆಯಿತು. ಆ ಒಂದೇ ವರ್ಷದಲ್ಲಿ ಇರಾನಿನಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನರು ಗಡಿ ದಾಟಿ ಮರಳಿದರು, ಅವರಲ್ಲಿ ಅನೇಕರು ಬಲವಂತಕ್ಕೆ ಒಳಗಾದವರು. ಪಾಕಿಸ್ತಾನ 2023ರ ನವೆಂಬರಿನಿಂದಲೇ ಇದನ್ನು ಆರಂಭಿಸಿತ್ತು. ಇವರನ್ನು ಹೊರದಬ್ಬಿದವರು ಪಾಶ್ಚಾತ್ಯರಲ್ಲ, ನೆರೆಯ ಮುಸ್ಲಿಮ್ ಸರಕಾರಗಳು. ಅಸ್ಸಾಮಿನ ಪಟ್ಟಿಯ ಬಗ್ಗೆ ಮಾತಾಡುವ ನಾಲಗೆ ಇದರ ಬಗ್ಗೆಯೂ ಮಾತಾಡಬೇಕು.

ಪ್ರದರ್ಶನ ಮುಗಿದಾಗ ಏಳನೆಯ ತರಗತಿಯ ಹುಡುಗನೊಬ್ಬ ನಮ್ಮ ಬಳಿ ಬಂದು, ‘ಲತೀಫನಿಗೆ ಆಮೇಲೆ ಹೊಸ ಕಾರ್ಡ್ ಸಿಕ್ಕಿತೇ?’ ಎಂದು ಕೇಳಿದ. ಚಿತ್ರದಲ್ಲಿ ಅದನ್ನು ಹೇಳಿಲ್ಲ ಎಂದೆವು. ‘ಮನೆಗೆ ಹೋದರೆ ಅವನ ಅಪ್ಪ ಬೈಯುವುದಿಲ್ಲವೇ, ಸಂಬಳ ಎಲ್ಲಿ ಎಂದು?’ ಎಂದು ಮತ್ತೆ ಕೇಳಿದ. ಬೈದಾರು ಎಂದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವನು ಆಗಲೂ ಹೇಳಲಿಕ್ಕಿಲ್ಲ’ ಎಂದು ಹೇಳಿ ತನ್ನ ತಾಯಿಯ ಬಳಿಗೆ ಓಡಿದ.